ಹೋಗಿಬರುವ ದಾರಿಯ ಬಾಡಿಗೆ: ಹಾಸನ ಸೀಮೆಯ ರೈಲು ದರಗಳಲ್ಲಿ ತೋರುವ ಕೆಲವು ತೊಡಕುಗಳು

೧. ಪೂರ್ವಪಕ್ಷ

ನಮ್ಮ ‘ಬಾಡಿಗೆ’ ಎಂಬ ಮಾತು ಸಂಸ್ಕೃತದ ‘ಭಾಟಕ’ ಶಬ್ದದಿಂದ ಬಂದುದೆಂದು ನಿಘಂಟುಕಾರರು ಹೇಳುತ್ತಾರೆ. ಈ ಭಾಟಕದ ಲೆಕ್ಕ ನಮಗೆ ಹೊಸದಲ್ಲ. ಕ್ರಿ. ಶ. ೧೧೫೦ರ ಸುಮಾರಿಗೆ ರಚಿತವಾದ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಮರದ ಹಲಗೆಗಳನ್ನು ಗಾಡಿಯ ಮೇಲೆ ಸಾಗಿಸುವ ಪ್ರಶ್ನೆಯೊಂದನ್ನು ಕೊಟ್ಟಿರುವರು. ಇಂತಿಷ್ಟು ಅಳತೆಯ ಹಲಗೆಗಳನ್ನು ಒಂದು ಗವ್ಯೂತಿಯಿಂದ ತರುವುದಕ್ಕೆ ಗಾಡಿಯವನಿಗೆ ಎಂಟು ದ್ರಮ್ಮ ಬಾಡಿಗೆಯಾದರೆ, ಬೇರೆ ಅಳತೆಯ ಹಲಗೆಗಳನ್ನು ಆರು ಗವ್ಯೂತಿಯಿಂದ ತರುವುದಕ್ಕೆ ಎಷ್ಟಾದೀತು ಎಂಬುದು ಆ ಪ್ರಶ್ನೆಯ ತಾತ್ಪರ್ಯ. ರಾಶಿಗಳು ಹನ್ನೊಂದಾದರೂ ಒಳಗಿರುವ ನ್ಯಾಯ ತ್ರೈರಾಶಿಕದ್ದೇ. ಭಾರ ಇಮ್ಮಡಿಯಾದರೆ ಬಾಡಿಗೆ ಇಮ್ಮಡಿ. ದೂರ ಆರು ಮಡಿಯಾದರೆ ಬಾಡಿಗೆಯೂ ಆರು ಮಡಿ.

ಲೀಲಾವತಿಯನ್ನು ಓದದವನಿಗೂ ಈ ನ್ಯಾಯ ಸ್ವಭಾವಸಿದ್ಧವಾಗಿದೆ. ಸಂತೆಗೆ ಬಂದು ಹೋಗುವ ರೈತನೂ, ವ್ಯಾಜ್ಯಕ್ಕಾಗಿ ಜಿಲ್ಲೆಯ ಕಚೇರಿಗೆ ಅಲೆಯುವ ಗೃಹಸ್ಥನೂ, ಪಾಠಶಾಲೆಗೆ ಹೋಗುವ ವಿದ್ಯಾರ್ಥಿಯೂ ರೈಲಿನ ಟಿಕೆಟ್ಟಿನ ಕಿಂಡಿಯ ಮುಂದೆ ನಿಂತಾಗ ಮನಸ್ಸಿನಲ್ಲಿ ತ್ರೈರಾಶಿಕವನ್ನೇ ಇಟ್ಟುಕೊಂಡಿರುತ್ತಾರೆ. ಕಿಂಡಿಯ ಒಳಗಿನಿಂದ ಬರುವ ಮೊತ್ತವಾದರೋ ಆ ಲೆಕ್ಕಕ್ಕೆ ಹೊಂದುವುದಿಲ್ಲ. ಆಗ ಹುಟ್ಟುವ ಪ್ರಶ್ನೆಗಳು ಹಲವು. ಹೊಳೆನರಸೀಪುರದಿಂದ ಹಾಸನಕ್ಕೆ ಒಂದು ಗಾಡಿಯಲ್ಲಿ ಒಂದು ದರ, ಅದೇ ಹಳಿಯ ಮೇಲೆ ಬರುವ ಮತ್ತೊಂದು ಗಾಡಿಯಲ್ಲಿ ಬೇರೆ ದರ ಏಕೆ? ಬೆಂಗಳೂರಿನಿಂದ ಮಲಗುವ ಗಾಡಿಯಲ್ಲಿ ಬಂದು ಚನ್ನರಾಯಪಟ್ಟಣದಲ್ಲಿ ಇಳಿದವನೂ ಹಾಸನದಲ್ಲಿ ಇಳಿದವನೂ ಸಮನಾಗಿ ತೆರುವುದೇಕೆ? ಒಂದೇ ಟಿಕೆಟ್ಟಿಗೆ ಇಷ್ಟಾಗುವ ದಾರಿಗೆ ಎರಡು ಟಿಕೆಟ್ಟು ಕೊಂಡರೆ ಹೆಚ್ಚಾಗುವುದೇಕೆ? ಹೋಗಿಬರುವುದಕ್ಕೆ ಒಟ್ಟಿಗೆ ಹಣ ಕೊಟ್ಟರೂ ಒಂದು ರೂಪಾಯಿಯೂ ತಗ್ಗದಿರುವುದೇಕೆ? ಕೆಲವು ಗಾಡಿಗಳಲ್ಲಿ ಹೋಗುವ ದರಕ್ಕಿಂತ ಬರುವ ದರವೇ ಹೆಚ್ಚಾಗಿರುವುದೇಕೆ?

ಉತ್ತರ ದೊರೆಯದವನು ಸಾಮಾನ್ಯವಾಗಿ ಎರಡರಲ್ಲೊಂದನ್ನು ನಂಬುತ್ತಾನೆ: ಗುಮಾಸ್ತನು ಹೆಚ್ಚಿಗೆ ತೆಗೆದುಕೊಂಡನೆಂದೋ, ರೈಲಿನ ಲೆಕ್ಕಕ್ಕೆ ನ್ಯಾಯವೇ ಇಲ್ಲವೆಂದೋ. ಎರಡೂ ಸರಿಯಲ್ಲ. ರೈಲಿನ ದರಕ್ಕೆ ತನ್ನದೇ ಆದ ಒಂದು ಪರಿಭಾಷೆಯಿದೆ. ಅದನ್ನು ತಿಳಿದರೆ ಮೇಲಿನ ಪ್ರಶ್ನೆಗಳೆಲ್ಲವೂ ಬಹುಮಟ್ಟಿಗೆ ಒಂದೇ ಸೂತ್ರದಿಂದ ಬಿಡಿಸಿಕೊಳ್ಳುತ್ತವೆ. ಆ ಸೂತ್ರವಿದು: ದರವು ನೆಲದ ಮೇಲೆ ನಡೆದ ದೂರಕ್ಕೆ ಸೇರಿದ್ದಲ್ಲ, ಟಿಕೆಟ್ಟಿನಲ್ಲಿ ಬರೆದ ‘ಪ್ರಯಾಣ’ಕ್ಕೆ ಸೇರಿದ್ದು, ಟಿಕೆಟ್ಟು ಹೊಸದಾದೊಡನೆ ಎಣಿಕೆಯೂ ಸೊನ್ನೆಯಿಂದ ಹೊಸದಾಗಿ ಆರಂಭವಾಗುತ್ತದೆ. ಇದನ್ನು ನಮ್ಮ ಸೀಮೆಯ ನಿದರ್ಶನಗಳಿಂದ ವಿಶದಪಡಿಸುವುದೇ ಈ ಲೇಖನದ ಉದ್ದೇಶ.

೨. ಸೀಮೆಯ ರೈಲುದಾರಿಗಳು

ನಿದರ್ಶನಗಳಿಗೆ ಮೊದಲು ದಾರಿಗಳ ಪರಿಚಯ ಅವಶ್ಯಕ. ಮೈಸೂರಿನಿಂದ ಹೊಳೆನರಸೀಪುರ ಹಾಸನಗಳ ಮೇಲೆ ಅರಸೀಕೆರೆಗೆ ಹೋಗುವ ದಾರಿ ಮೈಸೂರು ಸಂಸ್ಥಾನದ ಕಾಲದ್ದು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೀಟರ್ ಗೇಜಿನಲ್ಲಿ ಹಾಕಿದ್ದು. ಅದರ ಉದ್ದ ಸುಮಾರು ೧೬೬ ಕಿಲೋಮೀಟರು. ಹಾಸನದಿಂದ ಮೈಸೂರಿಗೆ ಸುಮಾರು ೧೧೯, ಅರಸೀಕೆರೆಗೆ ಸುಮಾರು ೪೭. ಹಾಸನದಿಂದ ಸಕಲೇಶಪುರದ ಮೇಲೆ ಘಟ್ಟವಿಳಿದು ಮಂಗಳೂರಿಗೆ ಹೋಗುವ ದಾರಿ ೧೯೭೯ರಲ್ಲಿ ತೆರೆಯಿತು. ಅದು ಬ್ರಾಡ್ ಗೇಜಾಗಿ ಮಾರ್ಪಟ್ಟ ಮೇಲೆ ೨೦೦೭ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳು ಮತ್ತೆ ಓಡತೊಡಗಿದುವು. ಹಾಸನದಿಂದ ಚನ್ನರಾಯಪಟ್ಟಣದ ಮೇಲೆ ಶ್ರವಣಬೆಳಗೊಳದವರೆಗಿನ ೪೨ ಕಿಲೋಮೀಟರಿನ ದಾರಿ ೨೦೦೬ರ ಮಹಾಮಸ್ತಕಾಭಿಷೇಕದ ವೇಳೆಗೆ ಸಿದ್ಧವಾಯಿತು. ಅದು ಕುಣಿಗಲ್ಲು ನೆಲಮಂಗಲಗಳ ಮೂಲಕ ಬೆಂಗಳೂರನ್ನು ಮುಟ್ಟಿದ್ದು ೨೦೧೭ರ ಮಾರ್ಚಿ ತಿಂಗಳಿನಲ್ಲಿ. ಅರಕಲಗೂಡಿಗೆ ಮಾತ್ರ ರೈಲಿಲ್ಲ. ಅಲ್ಲಿಯವರು ಬಸ್ಸು ಹತ್ತಿ ಹಾಸನಕ್ಕೋ ಹೊಳೆನರಸೀಪುರಕ್ಕೋ ಬಂದು ರೈಲನ್ನು ಹಿಡಿಯಬೇಕು.

ಹೀಗಾಗಿ ಹಾಸನದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಲು ಮೂರು ದಾರಿಗಳಾದುವು: ಚನ್ನರಾಯಪಟ್ಟಣದ ಮೇಲೆ ಸುಮಾರು ೧೮೦ ಕಿಲೋಮೀಟರು, ಅರಸೀಕೆರೆಯ ಮೇಲೆ ಸುಮಾರು ೨೦೩, ಹೊಳೆನರಸೀಪುರ ಮೈಸೂರುಗಳ ಮೇಲೆ ಸುಮಾರು ೨೫೭. ಹೊರಡುವ ಊರು ಒಂದೇ, ಸೇರುವ ಊರು ಒಂದೇ, ದರಗಳು ಮಾತ್ರ ಬೇರೆ. ಟಿಕೆಟ್ಟಿನಲ್ಲಿ ಯಾವ ಮಾರ್ಗವೆಂದು ನಮೂದಿಸಿದೆಯೋ ಆ ಮಾರ್ಗದ ಕಿಲೋಮೀಟರಿಗೇ ದರ ಬೀಳುವುದು. ಆದಕಾರಣ ಕಾದಿರಿಸದ ಟಿಕೆಟ್ಟನ್ನು ಕೊಳ್ಳುವವನು ತಾನು ಹತ್ತುವ ಗಾಡಿ ಯಾವ ದಾರಿಯದೆಂದು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಊರಿನ ಹೆಸರಿನಷ್ಟೇ ಮಾರ್ಗದ ಹೆಸರೂ ಟಿಕೆಟ್ಟಿನ ಅಂಗವಾಗಿದೆ.

೩. ತ್ರೈರಾಶಿಕವು ತಪ್ಪುವ ಸ್ಥಳ

ಈಗ ಮುಖ್ಯ ವಿಷಯಕ್ಕೆ ಬರೋಣ. ರೈಲಿನಲ್ಲಿ ದೂರ ಹೆಚ್ಚಿದಂತೆಲ್ಲ ಒಂದೊಂದು ಕಿಲೋಮೀಟರಿನ ದರ ಇಳಿಯುತ್ತ ಹೋಗುತ್ತದೆ. ದುರ್ಬೀನಿನ ಕೊಳವೆಗಳು ಒಂದರೊಳಗೊಂದು ಕಿರಿದಾಗುತ್ತ ಸೇರುವಂತೆ ಇದು ತೋರುವುದರಿಂದ ಇದಕ್ಕೆ ‘ಟೆಲಿಸ್ಕೋಪಿಕ್’ ದರವೆಂದು ಹೆಸರಾಗಿದೆ. ನಾವು ಇದನ್ನು ‘ಇಳಿಮುಖ ದರ’ವೆನ್ನಬಹುದು. ಇದಕ್ಕೆ ಯುಕ್ತಿಯೂ ಉಂಟು. ಟಿಕೆಟ್ಟು ಕೊಡುವ ಗುಮಾಸ್ತ, ಸ್ಟೇಷನ್ನಿನ ದೀಪ, ನೀರು, ಗಾಡಿ ನಿಂತು ಹೊರಡುವ ವೆಚ್ಚ, ಇವು ಹತ್ತು ಕಿಲೋಮೀಟರು ಹೋಗುವವನಿಗೂ ಸಾವಿರ ಕಿಲೋಮೀಟರು ಹೋಗುವವನಿಗೂ ಒಂದೇ. ದೂರದವನಲ್ಲಿ ಆ ವೆಚ್ಚ ಹಂಚಿಹೋಗುತ್ತದೆ. ಹತ್ತಿರದವನಲ್ಲಿ ಅದು ಕಿಲೋಮೀಟರಿನ ಮೇಲೆ ಭಾರವಾಗಿ ಕೂರುತ್ತದೆ.

ತಿಳಿವಿಗಾಗಿ ಒಂದು ಕಲ್ಪಿತ ಲೆಕ್ಕವನ್ನು ಇಟ್ಟುಕೊಳ್ಳೋಣ. ಇದು ರೈಲಿನ ನಿಜವಾದ ದರವಲ್ಲ. ಮೊದಲ ನೂರು ಕಿಲೋಮೀಟರಿಗೆ ಕಿಲೋಮೀಟರೊಂದಕ್ಕೆ ೫೦ ಪೈಸೆ, ಮುಂದಿನ ನೂರಕ್ಕೆ ೪೦ ಪೈಸೆ ಎಂದಿರಲಿ. ಇನ್ನೂರು ಕಿಲೋಮೀಟರು ಒಂದೇ ಟಿಕೆಟ್ಟಿನಲ್ಲಿ ಹೋದವನು ೫೦ ರೂಪಾಯಿಗೆ ೪೦ನ್ನು ಕೂಡಿಸಿ ೯೦ ರೂಪಾಯಿ ಕೊಡುತ್ತಾನೆ. ಅದೇ ಇನ್ನೂರನ್ನು ನಡುವೆ ಕಡಿದು ಎರಡು ಟಿಕೆಟ್ಟು ಕೊಂಡವನು ೫೦, ೫೦, ಅಂತು ೧೦೦ ರೂಪಾಯಿ ಕೊಡುತ್ತಾನೆ. ಎರಡನೆಯ ಟಿಕೆಟ್ಟಿನಲ್ಲಿ ಎಣಿಕೆ ಸೊನ್ನೆಯಿಂದ ಆರಂಭವಾದುದರಿಂದ ಅವನಿಗೆ ಇಳಿದ ದರ ದೊರೆಯಲೇ ಇಲ್ಲ.

ಇದರ ಮೇಲೆ ಪೂರ್ಣಾಂಕದ ನಿಯಮವೊಂದು ಸೇರಿದೆ. ಲೆಕ್ಕದಲ್ಲಿ ಬಂದ ದರವನ್ನು ಐದರ ಮುಂದಿನ ಗುಣಕಕ್ಕೆ ಏರಿಸುವುದು ರೈಲಿನ ಪದ್ಧತಿ. ಒಂದು ತುಂಡಿಗೆ ೨೧ ರೂಪಾಯಿ, ಇನ್ನೊಂದಕ್ಕೆ ೨೨ ರೂಪಾಯಿ ಬಂದಿತೆಂದುಕೊಳ್ಳಿ. ಎರಡೂ ೨೫ಕ್ಕೆ ಏರಿ ಮೊತ್ತ ೫೦ ಆಗುತ್ತದೆ. ಒಟ್ಟಾಗಿ ೪೩ ಎಂದು ಬಂದಿದ್ದರೆ ೪೫ಕ್ಕೆ ನಿಲ್ಲುತ್ತಿತ್ತು. ಹೊಳೆನರಸೀಪುರದಿಂದ ಅರಸೀಕೆರೆಗೆ ಹೋಗುವವನು ಹಾಸನದಲ್ಲಿ ಇಳಿದು ಹೊಸ ಟಿಕೆಟ್ಟು ಕೊಂಡರೆ ಕೈಯಿಂದ ಹೆಚ್ಚು ಹೋಗುವುದಕ್ಕೆ ಈ ಎರಡೇ ಕಾರಣಗಳು. ನಡುವೆ ಕೆಲಸವಿಲ್ಲದಿದ್ದರೆ ಮೊದಲೇ ಕೊನೆಯ ಊರಿನ ಹೆಸರನ್ನು ಹೇಳಿ ಒಂದೇ ಟಿಕೆಟ್ಟನ್ನು ಕೇಳತಕ್ಕದ್ದು.

ನಡುವೆ ಇಳಿದು ತಂಗುವ ಅವಕಾಶವನ್ನು ನಿಯಮಗಳು ಕೊಟ್ಟಿವೆಯಷ್ಟೆ. ಆದರೆ ಅದು ದೂರ ಪ್ರಯಾಣದವನಿಗೆ ಮಾತ್ರ. ಐನೂರು ಕಿಲೋಮೀಟರಿಗಿಂತ ಹೆಚ್ಚಿನ ಟಿಕೆಟ್ಟುಳ್ಳವನು ಮೊದಲ ಐನೂರನ್ನು ದಾಟಿದ ಮೇಲೆ ಒಮ್ಮೆ, ಸಾವಿರಕ್ಕಿಂತ ಹೆಚ್ಚಾದರೆ ಎರಡು ಬಾರಿ, ಎರಡೆರಡು ದಿನ ಇಳಿದಿರಬಹುದು. ಜಿಲ್ಲೆಯೊಳಗೆ ತಿರುಗುವವನಿಗೆ ಇದರಿಂದ ಪ್ರಯೋಜನವಿಲ್ಲ.

೪. ಕನಿಷ್ಠ ದೂರವೆಂಬ ಪರಿಭಾಷೆ

ಎರಡನೆಯ ತೊಡಕು ಕನಿಷ್ಠ ದೂರದ್ದು. ಪ್ರತಿಯೊಂದು ದರ್ಜೆಗೂ ಇಷ್ಟಕ್ಕಿಂತ ಕಡಮೆ ದೂರವನ್ನು ಎಣಿಸಬಾರದೆಂಬ ಗೆರೆಯೊಂದಿದೆ. ಸಾಮಾನ್ಯ ಗಾಡಿಯ ಎರಡನೆಯ ದರ್ಜೆಗೆ ಅದು ೧೦ ಕಿಲೋಮೀಟರು. ಮೆಯಿಲ್ ಎಕ್ಸ್‌ಪ್ರೆಸ್ ಗಾಡಿಗಳ ಎರಡನೆಯ ದರ್ಜೆಗೆ ೫೦. ಹವಾನಿಯಂತ್ರಿತ ಕುರ್ಚಿಯ ಗಾಡಿಗೆ ೧೫೦. ಮಲಗುವ ದರ್ಜೆಯಾದ ಸ್ಲೀಪರಿಗೆ ೨೦೦. ಹವಾನಿಯಂತ್ರಿತ ಮೂರಂಕಣ ಎರಡಂಕಣಗಳ ಮಲಗುವ ಗಾಡಿಗಳಿಗೆ ೩೦೦. ಇದಕ್ಕಿಂತ ಕಡಮೆ ದೂರ ಹೋದವನೂ ಇಷ್ಟು ದೂರ ಹೋದನೆಂದೇ ಶಾಸ್ತ್ರದ ಭಾವನೆ. ರಾತ್ರಿ ಮಲಗುವ ಹಲಗೆಯನ್ನು ಸ್ವಲ್ಪ ದೂರಕ್ಕೆ ಒಬ್ಬನು ಹಿಡಿದರೆ ದೂರ ಹೋಗುವವನಿಗೆ ಅದು ತಪ್ಪುತ್ತದೆಂಬುದು ಇದರ ಹಿಂದಿನ ಯುಕ್ತಿ.

ಈ ಗೆರೆಗಳನ್ನು ನಮ್ಮ ಸೀಮೆಯ ಮೇಲೆ ಹಾಯಿಸಿ ನೋಡಿದರೆ ವಿಚಿತ್ರಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಬೆಂಗಳೂರಿನಿಂದ ಚನ್ನರಾಯಪಟ್ಟಣಕ್ಕೆ ಸುಮಾರು ೧೪೫, ಹಾಸನಕ್ಕೆ ಸುಮಾರು ೧೮೦ ಕಿಲೋಮೀಟರು. ಎರಡೂ ಇನ್ನೂರರ ಒಳಗೆ. ಆದುದರಿಂದ ಸ್ಲೀಪರಿನಲ್ಲಿ ಎರಡೂ ಊರಿಗೆ ಒಂದೇ ದರ. ಹವಾನಿಯಂತ್ರಿತ ಮೂರಂಕಣದ ಗಾಡಿಯಲ್ಲಾದರೆ ಹಾಸನದಿಂದ ಸುಮಾರು ೪೨ ಕಿಲೋಮೀಟರು ಮುಂದಿರುವ ಸಕಲೇಶಪುರವೂ ಮುನ್ನೂರರ ಒಳಗೇ ಉಳಿಯುವುದರಿಂದ ಈ ಮೂರು ಊರುಗಳೂ ದರದಲ್ಲಿ ಒಂದೇ ಊರಾಗಿಬಿಡುತ್ತವೆ. ಇನ್ನೊಂದು ಸೂಕ್ಷ್ಮವುಂಟು. ೨೦೧೭ರಲ್ಲಿ ತೆರೆದ ನೇರ ದಾರಿಯಿಂದ ಹಾಸನಕ್ಕೂ ಬೆಂಗಳೂರಿಗೂ ಸುಮಾರು ೨೩ ಕಿಲೋಮೀಟರು ಕಡಮೆಯಾಯಿತು. ಕುಳಿತು ಹೋಗುವ ಎರಡನೆಯ ದರ್ಜೆಯವನಿಗೆ ಈ ಇಳಿಕೆ ಲೆಕ್ಕಕ್ಕೆ ಬಂದಿತು. ಸ್ಲೀಪರಿನವನಿಗೆ ಹಳೆಯ ೨೦೩ರ ಬದಲಾಗಿ ೧೮೦ ಆದರೂ ಎಣಿಕೆ ೨೦೦ರಲ್ಲೇ ನಿಂತುದರಿಂದ ಹೊತ್ತು ಉಳಿಯಿತೇ ಹೊರತು ಹಣ ಬಹುಮಟ್ಟಿಗೆ ಉಳಿಯಲಿಲ್ಲ.

ಹೊಳೆನರಸೀಪುರ ಹಾಸನಗಳ ನಡುವಣ ಅಂತರ ಐವತ್ತಕ್ಕಿಂತ ಕಡಮೆ. ಸಾಮಾನ್ಯ ಗಾಡಿಯಲ್ಲಿ ಇರುವ ದೂರಕ್ಕೆ ದರ. ಎಕ್ಸ್‌ಪ್ರೆಸ್ಸಿನಲ್ಲಿ ಐವತ್ತು ಕಿಲೋಮೀಟರಿಗೆ ದರ. ಹಳಿಯೊಂದೇ ಆದರೂ ಗಾಡಿಯ ನಾಮಧೇಯ ಬೇರೆಯಾದುದರಿಂದ ಫಲ ಬೇರೆಯಾಯಿತು. ಈ ನಾಮಧೇಯದ ಮಹಿಮೆಯನ್ನು ನಾಡಿನ ಬಡ ಪ್ರಯಾಣಿಕರು ಇತ್ತೀಚೆಗೆ ಚೆನ್ನಾಗಿ ಅರಿತರು. ೨೦೨೦ರ ಮಹಾಮಾರಿಯ ತರುವಾಯ ಸಾಮಾನ್ಯ ಪ್ಯಾಸೆಂಜರು ಗಾಡಿಗಳು ವಿಶೇಷ ಗಾಡಿಗಳೆಂಬ ಹೆಸರಿನಿಂದ ಎಕ್ಸ್‌ಪ್ರೆಸ್ ದರದಲ್ಲಿ ಓಡಿದುವು. ೧೦ ರೂಪಾಯಿಯಾಗಿದ್ದ ಕನಿಷ್ಠ ದರ ೩೦ ಆಯಿತು. ಗಾಡಿ ನಿಲ್ಲುವ ಸ್ಥಳಗಳೂ ಹಲಗೆಗಳೂ ಹಳೆಯವೇ. ಹೆಸರು ಮಾತ್ರ ಹೊಸದು. ೨೦೨೪ರ ಫೆಬ್ರವರಿಯಲ್ಲಿ ಹಳೆಯ ೧೦ ರೂಪಾಯಿಯ ದರ ಮರಳಿ ಬಂದಿತು. ದಿನಗೂಲಿಯವನಿಗೆ ಹೋಗಿಬರಲು ೨೦ ಆಗುತ್ತಿದ್ದುದು ನಾಲ್ಕು ವರುಷಗಳಷ್ಟು ಕಾಲ ೬೦ ಆಗಿದ್ದಿತೆಂಬುದನ್ನು ನೆನೆದರೆ, ಪರಿಭಾಷೆಯೆಂಬುದು ಪಂಡಿತರ ವಿನೋದ ಮಾತ್ರವಲ್ಲವೆಂಬುದು ತಿಳಿಯುತ್ತದೆ.

೫. ಹೋಗುವುದೂ ಬರುವುದೂ

ಇನ್ನು ಹೋಗಿಬರುವ ದರದ ವಿಚಾರ. ಲೋಕದಲ್ಲಿ ಹೋಗಿಬರುವುದು ಒಂದೇ ಕೆಲಸ. ‘ಹೋಗಿಬರುತ್ತೇನೆ’ ಎಂದೇ ನಾವು ಮನೆಯಿಂದ ಹೊರಡುವುದು. ಬರಿದೆ ‘ಹೋಗುತ್ತೇನೆ’ ಎಂದರೆ ಹಿರಿಯರು ಒಪ್ಪುವುದಿಲ್ಲ. ರೈಲಿನ ಪರಿಭಾಷೆಯಲ್ಲಾದರೋ ಹೋಗುವುದು ಒಂದು ಪ್ರಯಾಣ, ಬರುವುದು ಮತ್ತೊಂದು. ಹಿಂದಿನ ಕಲ್ಪಿತ ಲೆಕ್ಕವನ್ನೇ ತೆಗೆದುಕೊಂಡರೆ, ನೂರು ಕಿಲೋಮೀಟರು ಹೋಗಿ ಅಲ್ಲಿಂದ ಮರಳಿದವನು ಇನ್ನೂರು ಕಿಲೋಮೀಟರು ರೈಲಿನಲ್ಲಿ ಕುಳಿತಿದ್ದರೂ ೧೦೦ ರೂಪಾಯಿಯನ್ನೇ ಕೊಡುತ್ತಾನೆ. ನೆಟ್ಟಗೆ ಇನ್ನೂರು ಹೋದವನು ೯೦. ತಿರುಗಿ ನಿಂತ ಕ್ಷಣದಲ್ಲೇ ಎಣಿಕೆ ಸೊನ್ನೆಗೆ ಇಳಿಯುತ್ತದೆ. ಆಸನವನ್ನು ಕಾದಿರಿಸುವ ವೆಚ್ಚವೂ ಹೀಗೆಯೇ: ಸ್ಲೀಪರಿನಲ್ಲಿ ೨೦ ರೂಪಾಯಿ, ಗಾಡಿ ಸೂಪರ್‌ಫಾಸ್ಟ್ ಆದರೆ ಮೇಲೆ ೩೦ ರೂಪಾಯಿ, ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ಬೀಳುತ್ತವೆ. ಕಾದಿರಿಸದ ಟಿಕೆಟ್ಟಿನಲ್ಲಿ ಕಾಲವೂ ಹೀಗೆಯೇ ಕಡಿದುಹೋಗಿದೆ. ೧೯೯ ಕಿಲೋಮೀಟರಿನವರೆಗಿನ ಟಿಕೆಟ್ಟನ್ನು ಕೊಂಡು ಮೂರು ಗಂಟೆಗಳೊಳಗೆ, ಇಲ್ಲವೆ ಆ ಊರಿಗೆ ಹೋಗುವ ಮೊದಲನೆಯ ಗಾಡಿಯಲ್ಲಿ ಹೊರಡಬೇಕು. ಆದುದರಿಂದ ಸಂಜೆಯ ದಾರಿಗೆಂದು ಬೆಳಗ್ಗೆಯೇ ಒಂಟಿ ಟಿಕೆಟ್ಟನ್ನು ಕೊಂಡಿಟ್ಟುಕೊಳ್ಳುವಂತಿಲ್ಲ.

ದೂರವೂ ದರ್ಜೆಯೂ ಒಂದೇ ಆಗಿದ್ದು ಬರುವ ದರ ಹೆಚ್ಚಾಗುವ ಸಂದರ್ಭವೂ ಉಂಟು. ೨೦೨೨ರ ನವೆಂಬರಿನಲ್ಲಿ ಚೆನ್ನೈ ಮೈಸೂರುಗಳ ನಡುವೆ ವಂದೇ ಭಾರತ್ ಗಾಡಿ ಆರಂಭವಾದಾಗ ಕುರ್ಚಿಯ ದರ್ಜೆಗೆ ಚೆನ್ನೈಯಿಂದ ಮೈಸೂರಿಗೆ ೧,೨೦೦ ರೂಪಾಯಿಯೂ ಮೈಸೂರಿನಿಂದ ಚೆನ್ನೈಗೆ ೧,೩೬೫ ರೂಪಾಯಿಯೂ ಆಗಿದ್ದಿತು. ೨೦೨೩ರ ಜೂನಿನಲ್ಲಿ ಬೆಂಗಳೂರು ಧಾರವಾಡಗಳ ನಡುವಣ ಗಾಡಿಗೆ ಹೋಗುವಾಗ ೧,೧೬೫, ಬರುವಾಗ ೧,೩೩೦. ಕಳೆದು ನೋಡಿದರೆ ಎರಡು ಕಡೆಯಲ್ಲಿಯೂ ಅಂತರ ೧೬೫ ರೂಪಾಯಿಯೇ. ದಾರಿಗಳು ಬೇರೆಯಾಗಿದ್ದು ಅಂತರ ಒಂದೇ ಆಗಿರುವಾಗ ಕಾರಣವು ದಾರಿಯಲ್ಲಿಲ್ಲವೆಂದು ಊಹಿಸಬಹುದು. ಅದು ಇರುವುದು ತಟ್ಟೆಯಲ್ಲಿ. ಬೆಳಗಿನ ಗಾಡಿಯಲ್ಲಿ ಕೊಡುವ ಆಹಾರ ಬೇರೆ, ಮಧ್ಯಾಹ್ನ ಹೊರಟು ರಾತ್ರಿ ಮುಟ್ಟುವ ಗಾಡಿಯಲ್ಲಿ ಕೊಡುವ ಆಹಾರ ಬೇರೆ. ಅದರ ಬೆಲೆ ಟಿಕೆಟ್ಟಿನೊಳಗೆ ಸೇರಿದೆ. ಮನೆಯ ಬುತ್ತಿಯನ್ನೇ ನೆಚ್ಚಿದವನು ಟಿಕೆಟ್ಟು ಕೊಳ್ಳುವಾಗಲೇ ಆಹಾರ ಬೇಡವೆಂದು ಸೂಚಿಸಿದರೆ ಆ ಹಣ ಉಳಿಯುತ್ತದೆ.

ದೇಶಾಂತರದ ಪದ್ಧತಿಯನ್ನು ಹೋಲಿಸಿದರೆ ನಮ್ಮದರ ಸ್ವರೂಪ ಮತ್ತಷ್ಟು ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ ದರವು ದೂರದ ಕೋಷ್ಟಕದಿಂದ ಹುಟ್ಟುವುದಿಲ್ಲ. ಎರಡೆರಡು ಊರುಗಳ ಜೋಡಿಗೆ ಒಂದೊಂದು ದರ ಬೇರೆಬೇರೆಯಾಗಿ ಗೊತ್ತಾಗಿರುತ್ತದೆ. ಅಲ್ಲಿ ಜನಸಂದಣಿಯಿಲ್ಲದ ಹೊತ್ತಿನ ಹೋಗಿಬರುವ ಟಿಕೆಟ್ಟು ಅನೇಕ ಮಾರ್ಗಗಳಲ್ಲಿ ಒಂಟಿ ಟಿಕೆಟ್ಟಿಗಿಂತ ಅತ್ಯಲ್ಪ ಮಾತ್ರ ಹೆಚ್ಚು. ಆ ಕಾರಣದಿಂದ ಮರಳಿ ಬಾರದವನೇ ಅಲ್ಲಿ ಮೋಸಹೋದನೆಂದು ದೂರುತ್ತಾನೆ. ಒಂದೇ ದಾರಿಯನ್ನು ಕಡಿದು ಹಲವು ಟಿಕೆಟ್ಟು ಕೊಂಡರೆ ಅಲ್ಲಿ ಎಷ್ಟೋ ವೇಳೆ ಹಣ ಉಳಿಯುತ್ತದೆ, ನಮ್ಮಲ್ಲಿ ಹೋಗುತ್ತದೆ. ಲಂಡನ್ನಿನಿಂದ ಎಡಿನ್‌ಬರೋದ ಕಡೆಗೆ ಗಾಡಿಗಳನ್ನು ನಡೆಸುವ ಸಂಸ್ಥೆ ೨೦೨೩ರ ಜೂನಿನಲ್ಲಿ ಹೋಗಿಬರುವ ಟಿಕೆಟ್ಟುಗಳನ್ನೇ ಬಿಟ್ಟು, ಒಂದೊಂದು ದಿಕ್ಕಿಗೂ ಬೇರೆ ದರವನ್ನು ಗೊತ್ತುಮಾಡಿತು. ಅವರು ಅಲ್ಲಿ ಹೊಸದಾಗಿ ಹಿಡಿದ ಕ್ರಮವೇ ನಮ್ಮಲ್ಲಿ ಉತ್ಸರ್ಗವಾಗಿದೆ, ಎಂದರೆ ಸಾಮಾನ್ಯ ನಿಯಮವಾಗಿದೆ.

೬. ಅಪವಾದಗಳು

ಉತ್ಸರ್ಗವಿದ್ದಲ್ಲಿ ಅಪವಾದಗಳೂ ಇರುತ್ತವೆ. ಹೋಗಿಬರುವವನಿಗೆ ರಿಯಾಯಿತಿಯೇ ಇಲ್ಲವೆನ್ನುವುದು ಸರಿಯಲ್ಲ. ಅದು ಯಾರಿಗೆ ಉಂಟೆಂಬುದನ್ನು ನೋಡಬೇಕು. ಅಂತಹವು ಮೂರು.

ಮೊದಲನೆಯದು ತಿಂಗಳ ಪಾಸು. ಸುಮಾರು ಹದಿನೈದು ಒಂಟಿ ಪ್ರಯಾಣಗಳ ದರವನ್ನು ಆಧಾರವಾಗಿಟ್ಟುಕೊಂಡು ತಿಂಗಳೆಲ್ಲ ಹೋಗಿಬರುವ ಹಕ್ಕನ್ನು ಇದು ಕೊಡುತ್ತದೆ. ೨೦೧೪ರ ಜೂನಿನಲ್ಲಿ ಈ ಹದಿನೈದನ್ನು ಮೂವತ್ತು ಮಾಡಹೊರಟು, ಜನರ ವಿರೋಧದಿಂದ ಅದನ್ನು ಹಿಂತೆಗೆದುಕೊಂಡರು. ಮೂರು ತಿಂಗಳ ಪಾಸಿಗೆ ತಿಂಗಳ ಪಾಸಿನ ೨.೭ ರಷ್ಟು. ಎಂಟು ದಿನ ಹೋಗಿಬಂದವನಿಗೆ ಇದರ ಹಣ ಸಂದಿತು. ಉಳಿದ ದಿನಗಳೆಲ್ಲ ಲಾಭವೇ. ಆದರೆ ಇದಕ್ಕೆ ೧೫೦ ಕಿಲೋಮೀಟರಿನ ಎಲ್ಲೆಯಿದೆ. ಯಶವಂತಪುರದಿಂದ ಚನ್ನರಾಯಪಟ್ಟಣವು ಈ ಎಲ್ಲೆಯೊಳಗೆ ಬಿದ್ದಿದೆ. ಹಾಸನವು ಹೊರಗೆ ಉಳಿದಿದೆ. ಮಲಗುವ ಗಾಡಿಯ ದರದಲ್ಲಿ ಒಂದೇ ಆಗಿದ್ದ ಎರಡು ಊರುಗಳು ಪಾಸಿನ ವಿಷಯದಲ್ಲಿ ಹೀಗೆ ಬೇರೆಯಾದುವು.

ಎರಡನೆಯದು ವರ್ತುಲ ಪ್ರಯಾಣದ ಟಿಕೆಟ್ಟು. ಹೊರಟ ಊರಿಗೇ ಮರಳಿ ಬರುವಂತೆ ಸುತ್ತುದಾರಿಯಲ್ಲಿ ತಿರುಗುವ ಯಾತ್ರಿಕನಿಗೆ ಇದು ದೊರೆಯುತ್ತದೆ. ನಡುವೆ ಎಂಟು ಕಡೆ ಇಳಿಯಬಹುದು. ಹಾಸನದಿಂದ ಕಾಶಿಗೆ, ಅಲ್ಲಿಂದ ರಾಮೇಶ್ವರಕ್ಕೆ, ಅಲ್ಲಿಂದ ಹಾಸನಕ್ಕೆ ಎಂದು ಮೂರು ಟಿಕೆಟ್ಟು ಕೊಂಡವನಲ್ಲಿ ಎಣಿಕೆ ಮೂರು ಬಾರಿ ಸೊನ್ನೆಯಿಂದ ಆರಂಭವಾಗುತ್ತದೆ. ವರ್ತುಲದ ಟಿಕೆಟ್ಟಿನಲ್ಲಾದರೆ ಒಟ್ಟು ದೂರವನ್ನು ಎರಡಾಗಿ ಭಾಗಿಸಿ, ಅರ್ಧದರ್ಧಕ್ಕೆ ಒಂದೊಂದು ಒಂಟಿ ಪ್ರಯಾಣದ ದರವನ್ನು ಕಟ್ಟುತ್ತಾರೆ. ಇಲ್ಲಿ ಗಮನಿಸತಕ್ಕ ಸ್ವಾರಸ್ಯವೊಂದಿದೆ. ಈ ನಿಯಮವು ವರ್ತುಲವನ್ನು ನೀಳವಾದ ಒಂದು ದಾರಿಯೆಂದೂ, ಯಾತ್ರಿಕನು ಅದರ ತುದಿಯವರೆಗೆ ಹೋಗಿ ಮರಳಿದನೆಂದೂ ಭಾವಿಸುತ್ತದೆ. ಹೋಗುವುದೊಂದು ಪ್ರಯಾಣ, ಬರುವುದೊಂದು ಪ್ರಯಾಣ ಎಂಬ ಮೂಲಸೂತ್ರವನ್ನು ಸುತ್ತಿ ಬರುವವನಿಗೂ ಅನ್ವಯಿಸಿರುವುದಷ್ಟೇ ಇದು. ಅಪವಾದದಂತೆ ಕಂಡರೂ ವಸ್ತುತಃ ಸೂತ್ರದ ವಿಸ್ತಾರವೇ ಆಗಿದೆ.

ಮೂರನೆಯದು ೨೦೨೫ರಲ್ಲಿ ಹಬ್ಬದ ದಟ್ಟಣೆಗಾಗಿ ಮಾಡಿದ ಏರ್ಪಾಡು. ಆ ವರುಷದ ಅಕ್ಟೋಬರ್ ೧೩ರಿಂದ ೨೬ರೊಳಗೆ ಹೋಗಿ, ನವೆಂಬರ್ ೧೭ರಿಂದ ಡಿಸೆಂಬರ್ ೧ರೊಳಗೆ ಮರಳುವವರು ಎರಡು ಟಿಕೆಟ್ಟುಗಳನ್ನೂ ಒಟ್ಟಿಗೆ ಕೊಂಡರೆ ಬರುವ ದಾರಿಯ ಮೂಲದರದಲ್ಲಿ ಶೇಕಡ ೨೦ ಬಿಡುವುದೆಂದು ರೈಲ್ವೆಯವರು ಪ್ರಕಟಿಸಿದರು. ಹೋಗಿಬರುವುದನ್ನು ಒಂದಾಗಿ ಕಂಡ ನಿಯಮವೆಂದರೆ ಇದೇ. ಆದರೆ ದಿನಾಂಕಗಳನ್ನು ನೋಡಿದರೆ ಇದು ಯಾರಿಗಾಗಿ ಹುಟ್ಟಿತೆಂಬುದು ತಿಳಿಯುತ್ತದೆ. ದೀಪಾವಳಿಗೂ ಛಠ್ ಹಬ್ಬಕ್ಕೂ ದೂರದ ಊರುಗಳಿಗೆ ಹೋಗಿ ಹಲವು ವಾರ ನಿಲ್ಲುವ ಉತ್ತರ ದೇಶದ ಕೆಲಸಗಾರರಿಗೆ ಇದು ಸಲ್ಲುತ್ತದೆ. ನಮ್ಮ ಹಾಸನಾಂಬೆಯ ಗುಡಿಯ ಬಾಗಿಲು ಆಶ್ವಯುಜದಲ್ಲಿ ತೆರೆದು ಬಲಿಪಾಡ್ಯಮಿಯ ತರುವಾಯ ಮುಚ್ಚುತ್ತದೆ; ದರ್ಶನಕ್ಕೆ ಬಂದವನು ಅಂದೋ ಮರುದಿನವೋ ಹಿಂದಿರುಗುತ್ತಾನೆ. ನವೆಂಬರಿನ ಮಧ್ಯದವರೆಗೆ ಕಾಯಬೇಕೆಂಬ ರಿಯಾಯಿತಿ ಅವನಿಗೆ ದಕ್ಕಲಿಲ್ಲ.

೭. ಅರಕಲಗೂಡಿನ ದೃಷ್ಟಿಯಿಂದ

ಇಷ್ಟನ್ನೂ ರೈಲಿಲ್ಲದ ಅರಕಲಗೂಡಿನಲ್ಲಿ ನಿಂತು ನೋಡಿದರೆ ವಿಷಯದ ತೂಕ ತಿಳಿಯುತ್ತದೆ. ಬಸ್ಸಿನ ದರ ಹಂತಗಳ ಲೆಕ್ಕದಿಂದ ಏರುವುದರಿಂದ ಅದು ತ್ರೈರಾಶಿಕಕ್ಕೆ ಹತ್ತಿರವಾಗಿದೆ. ಜನಕ್ಕೆ ಬೇಗ ಅರ್ಥವಾಗುತ್ತದೆ. ೨೦೨೫ರ ಜನವರಿ ೫ರಿಂದ ಸರ್ಕಾರಿ ಬಸ್ಸಿನ ದರ ಶೇಕಡ ೧೫ರಷ್ಟು ಏರಿತಾದರೂ, ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಬೆಲೆಯ ಟಿಕೆಟ್ಟು ದೊರೆಯುತ್ತಿದೆ. ಹೋಗುವ ಬರುವ ಆಸನಗಳನ್ನು ಒಟ್ಟಿಗೆ ಕಾದಿರಿಸಿದವರಿಗೆ ಬರುವ ದಾರಿಯಲ್ಲಿ ಶೇಕಡ ೧೦ ಬಿಡುವ ಪದ್ಧತಿಯನ್ನೂ ರಾಜ್ಯ ರಸ್ತೆ ಸಾರಿಗೆ ನಿಗಮ ಇಟ್ಟುಕೊಂಡಿದೆ. ಹಾಸನಕ್ಕೆ ಹೋಗಿಬರುವ ಊರಬಸ್ಸಿನಲ್ಲಿ ಆಸನ ಕಾದಿರಿಸುವವರಿಲ್ಲವಾದುದರಿಂದ ಅದು ಅಲ್ಲಿಯವರಿಗೆ ಹೆಸರಿಗೆ ಮಾತ್ರ.

ಅರಕಲಗೂಡಿನಿಂದ ಮೈಸೂರಿಗೆ ಹೊರಟವನು ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಬಂದು, ಅಲ್ಲಿ ರೈಲಿನ ಟಿಕೆಟ್ಟು ಕೊಳ್ಳುತ್ತಾನೆ. ಅವನು ಆಗಲೇ ನಡೆದ ದೂರ ರೈಲಿನ ಎಣಿಕೆಗೆ ಬಾರದು. ಬಸ್ಸಿನ ಕಡೆಯಲ್ಲಿಯೂ ರೈಲಿನ ದೂರ ಬಾರದು. ಹೋಗುವಾಗ ಎರಡು ಬಾರಿ, ಬರುವಾಗ ಎರಡು ಬಾರಿ, ಒಟ್ಟಿನಲ್ಲಿ ನಾಲ್ಕು ಸಲ ಅವನ ಎಣಿಕೆ ಸೊನ್ನೆಯಿಂದ ತೊಡಗುತ್ತದೆ. ದೊಡ್ಡ ಊರಿನಿಂದ ದೊಡ್ಡ ಊರಿಗೆ ಒಂದೇ ಗಾಡಿಯಲ್ಲಿ ಹೋಗುವವನಿಗೆ ಇಳಿಮುಖ ದರದ ಹಿತವೆಲ್ಲ ಸೇರಿದರೆ, ಸಣ್ಣ ಊರಿನಿಂದ ತುಂಡುತುಂಡಾಗಿ ಹೋಗುವವನಿಗೆ ಅದರ ಭಾರ ಸೇರುತ್ತದೆ. ಯಾರೂ ಹೀಗಾಗಲೆಂದು ಬಯಸಿ ಮಾಡಿದ್ದಲ್ಲ; ನಿಯಮದ ಸ್ವಭಾವದಿಂದಲೇ ಬಂದ ಫಲ. ಆದರೂ ಫಲವು ಫಲವೇ. ೨೦೨೫ರ ಡಿಸೆಂಬರ್ ೨೬ರಂದು ದರಗಳು ಏರಿದಾಗ ಸಾಮಾನ್ಯ ದರ್ಜೆಯಲ್ಲಿ ೨೧೫ ಕಿಲೋಮೀಟರಿನವರೆಗೆ ಏರಿಕೆಯಿಲ್ಲದಂತೆ ಬಿಟ್ಟಿದ್ದು ಇಂತಹ ಹತ್ತಿರದ ಪ್ರಯಾಣಿಕರಿಗೆ ಸಂದ ಸಣ್ಣ ಪರಿಹಾರವೆನ್ನಬಹುದು. ನಮ್ಮ ಜಿಲ್ಲೆಯೊಳಗಣ ಪ್ರಯಾಣಗಳೆಲ್ಲ ಆ ಎಲ್ಲೆಯ ಒಳಗೇ ಇವೆ.

೮. ಉಪಸಂಹಾರ

ಇದುವರೆಗಿನ ವಿಚಾರದ ಸಾರವಿಷ್ಟು. ಎರಡು ತುಂಡುಗಳಿಗೆ ಒಂದಕ್ಕಿಂತ ಹೆಚ್ಚಾಗುವುದು, ದೂರದೂರದ ಊರುಗಳು ದರದಲ್ಲಿ ಒಂದಾಗುವುದು, ಗಾಡಿಯ ಹೆಸರಿನಿಂದ ದರ ಬದಲಾಗುವುದು, ಹೋಗಿಬರುವುದಕ್ಕೆ ಇಮ್ಮಡಿಯೇ ಆಗುವುದು, ಇವೆಲ್ಲವೂ ‘ಪ್ರಯಾಣ’ವೆಂಬ ಪದಕ್ಕೆ ರೈಲಿನವರು ಕೊಟ್ಟ ಅರ್ಥದಿಂದ ಹುಟ್ಟಿದುವು. ವ್ಯಾಕರಣದಲ್ಲಿ ಪರಿಭಾಷೆಯನ್ನು ಅರಿಯದವನಿಗೆ ಸೂತ್ರಗಳೆಲ್ಲ ಪರಸ್ಪರ ವಿರುದ್ಧವಾಗಿ ತೋರುವಂತೆ, ಇಲ್ಲಿಯೂ ಆ ಅರ್ಥವನ್ನು ಅರಿಯದವನಿಗೆ ದರಗಳೆಲ್ಲ ಯದೃಚ್ಛೆಯಾಗಿ ತೋರುತ್ತವೆ. ವ್ಯಾಕರಣವನ್ನು ತಿಳಿಯದವನಿಗೆ ಆಗುವ ನಷ್ಟ ಸಭೆಯಲ್ಲಿ. ಇದನ್ನು ತಿಳಿಯದವನಿಗೆ ಆಗುವ ನಷ್ಟ ಸೊಂಟದ ಚೀಲದಲ್ಲಿ.

ಈ ತಿಳಿವು ಗುಟ್ಟಾಗಿರಬೇಕಾದುದಲ್ಲ. ೧೯೮೯ರ ರೈಲ್ವೆ ಅಧಿನಿಯಮದ ೪೯ನೆಯ ಪ್ರಕರಣವು ಪ್ರತಿಯೊಂದು ಸ್ಟೇಷನ್ನಿನಲ್ಲಿಯೂ ಎಲ್ಲರಿಗೂ ಕಾಣುವ ಸ್ಥಳದಲ್ಲಿ ಗಾಡಿಗಳ ವೇಳೆಯನ್ನೂ ದರಗಳ ಪಟ್ಟಿಯನ್ನೂ ಹಿಂದಿ ಇಂಗ್ಲಿಷುಗಳಲ್ಲಿ ಮಾತ್ರವಲ್ಲದೆ ಆ ಪ್ರದೇಶದ ಭಾಷೆಯಲ್ಲಿಯೂ ಅಂಟಿಸಬೇಕೆಂದು ವಿಧಿಸುತ್ತದೆ. ಹಾಸನದಲ್ಲಿಯೂ ಹೊಳೆನರಸೀಪುರದಲ್ಲಿಯೂ ಚನ್ನರಾಯಪಟ್ಟಣದಲ್ಲಿಯೂ ಆ ಭಾಷೆ ಕನ್ನಡ. ಆ ಪಟ್ಟಿಯ ಕೆಳಗೆ ನಾಲ್ಕು ಸಾಲು ಕನ್ನಡವನ್ನು ಸೇರಿಸಿದರೆ ಸಾಕು: ಯಾವ ದರ್ಜೆಗೆ ಎಷ್ಟು ಕನಿಷ್ಠ ದೂರ, ಯಾವ ಮಾರ್ಗಕ್ಕೆ ಎಷ್ಟು ಕಿಲೋಮೀಟರು, ಒಂದೇ ಟಿಕೆಟ್ಟು ಕೊಂಡರೆ ಉಳಿಯುವುದೇನು, ಪಾಸು ಯಾವ ಊರಿನವರೆಗೆ ದೊರೆಯುತ್ತದೆ. ಅದರಿಂದ ರೈಲಿನವರ ಆದಾಯ ಕುಗ್ಗುವುದಿಲ್ಲ. ಗುಮಾಸ್ತನ ಮೇಲಣ ಸಂಶಯ ಮಾತ್ರ ಕುಗ್ಗುತ್ತದೆ. ಅರಕಲಗೂಡಿನಿಂದ ಬಂದು ಕಿಂಡಿಯ ಮುಂದೆ ಚಿಲ್ಲರೆಯನ್ನು ಎಣಿಸುತ್ತ ನಿಂತವನು ತಾನು ಕೊಡುವುದು ಯಾವುದಕ್ಕೆಂದು ತಿಳಿದು ಕೊಡುವಂತಾಗಬೇಕೆಂಬುದೇ ನಮ್ಮ ಬಿನ್ನಹ.